ಬೈಕು ಹೊತ್ತ ಪೆಟ್ಟಿಗೆ, ಪೆಟ್ಟಿಗೆ ಎಳೆವ ಮನೆ

ಅಮೆರಿಕದ ದಕ್ಷಿಣ ಡಕೋಟ ರಾಜ್ಯದಲ್ಲಿರುವ ಸ್ಟರ್ಜಿಸ್ ಏಳು ಸಾವಿರದಷ್ಟು ಜನವಸತಿಯ ಪುಟ್ಟ ಊರು. ಪ್ರತಿ ವರ್ಷ ಆಗಸ್ಟ್ ತಿಂಗಳ ಮೊದಲ ಭಾಗದಲ್ಲಿ ಅಲ್ಲಿ ಮೋಟಾರ್‌ಸೈಕಲ್ಲುಗಳ ಜಾತ್ರೆ ನೆರೆಯುತ್ತದೆ. 1938ರಲ್ಲಿ ಬೆರಳೆಣಿಕೆಯ ಸವಾರರ ಪಂದ್ಯವಾಗಿ ಆರಂಭವಾದ ಈ ಜಾತ್ರೆಗೆ 2015ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿ ಬಂದಿದ್ದರೆಂದು ಅಂದಾಜು. ಬಂದವರೆಲ್ಲ ಬೈಕ್ ಏರಿ ಬಂದವರಲ್ಲ. ಅಡುಗೆಮನೆ, ಹಾಸಿಗೆ, ಸ್ನಾನದ ಕೋಣೆಗಳನ್ನೆಲ್ಲ ಒಳಗೊಂಡ ಮೋಟಾರ್‌ಹೋಮಿನಲ್ಲಿ ಬರುವವರೂ ಬಹಳ. ಅದರ ಬೆನ್ನಿಗೆ ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯಂಥ ಟ್ರೇಲರ್. ಅದರೊಳಗೆ ಬಿಗಿದು ನಿಲ್ಲಿಸಿದ ಬೈಕು. ಸಾವಿರಾರು ಮೈಲಿ ಬಿಸಿಲು ಮಳೆಯಲ್ಲಿ ಸವಾರಿ ಮಾಡಿ ಬಂದವರು ಇಂಥ ಬೈಕುಗಳನ್ನು ‘ಟ್ರೇಲರ್ ರಾಣಿ’ ಎಂದು ಗೇಲಿ ಮಾಡುತ್ತಾರೆ.

ಈ ಗೇಲಿಯಲ್ಲಿ ಹುರುಳಿಲ್ಲ. ಫ್ಲಾರಿಡದ ತುದಿಯಿಂದ ಸ್ಟರ್ಜಿಸ್ಸಿಗೆ ಮೂರು ಸಾವಿರ ಕಿಲೋಮೀಟರಿಗೂ ಮಿಗಿಲಾದ ದಾರಿ. ಅರವತ್ತೈದು ದಾಟಿದ ದಂಪತಿಗೆ ಅದನ್ನು ಬೈಕಿನ ಮೇಲೆಯೇ ಕ್ರಮಿಸೆಂದು ಹೇಳುವುದು ಸುಲಭವಲ್ಲ. ಅಲ್ಲಿ ಬೇಸಿಗೆಯಲ್ಲಿ ಆಲಿಕಲ್ಲು ಸುರಿಯುವುದೂ ಉಂಟು. ಮುಚ್ಚಿದ ಟ್ರೇಲರ್ ಆಲಿಕಲ್ಲಿನಿಂದಲೂ ಕಳ್ಳರಿಂದಲೂ ಬೈಕನ್ನು ಕಾಯುತ್ತದೆ. ಜೊತೆಗೆ, ಆ ಸೀಮೆಯ ರಸ್ತೆಗಳೇ ಬೈಕನ್ನು ಬೇಡುವಂಥವು. 1922ರಲ್ಲಿ ಪೂರ್ಣಗೊಂಡ ನೀಡಲ್ಸ್ ಹೆದ್ದಾರಿಯ ಮಾರ್ಗವನ್ನು ಪೀಟರ್ ನಾರ್ಬೆಕ್ ಎಂಬ ರಾಜಕಾರಣಿ ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ ಅಲೆದು ಗುರುತಿಸಿದ. ಅದರ ‘ಸೂಜಿಗಣ್ಣು’ ಸುರಂಗದ ಅಗಲ ಎಂಟು ಅಡಿ. ದೊಡ್ಡ ಮೋಟಾರ್‌ಹೋಮಿನ ಅಗಲ ಎಂಟೂವರೆ ಅಡಿ! ಮನೆಯನ್ನು ಶಿಬಿರದಲ್ಲಿ ಬಿಟ್ಟು, ಪೆಟ್ಟಿಗೆಯ ಬಾಗಿಲು ತೆರೆದು ಬೈಕನ್ನು ಇಳಿಸಿಕೊಂಡವರಿಗೆ ಆ ಸುರಂಗ ದಕ್ಕುತ್ತದೆ.

ಆದರೆ ಸವಾರನಿಗೆ ಬೈಕಿನ ಮೇಲಿರುವ ಹಿಡಿತವು ಅದನ್ನು ಹೊತ್ತ ಟ್ರೇಲರಿನ ಮೇಲೂ ಇರುತ್ತದೆಂದು ಭಾವಿಸುವಂತಿಲ್ಲ. ಇಲ್ಲಿನ ಅಪಾಯಕ್ಕೆ ತೂಕ ಎಷ್ಟೆಂಬುದಷ್ಟೇ ಅಲ್ಲ, ಅದು ಎಲ್ಲಿ ಕೂತಿದೆಯೆಂಬುದೂ ಕಾರಣ. ಎತ್ತಿನ ಗಾಡಿ ಹೂಡಿದ ನಮ್ಮ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಹೊರೆ ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳಿಗೆ ಉರುಳಾಗುತ್ತದೆ. ಮುಂಭಾರ ಅತಿಯಾದರೆ ನೊಗ ಹೆಗಲನ್ನು ಜಜ್ಜುತ್ತದೆ. ಟ್ರೇಲರಿಗೂ ಇದೇ ಲೆಕ್ಕ. ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಭಾರ ಕೊಂಡಿಯ ಮೇಲೆ ಬೀಳಬೇಕು. ಆದ್ದರಿಂದ ಬೈಕಿನ ಎಂಜಿನ್ ಟ್ರೇಲರಿನ ಅಚ್ಚಿಗಿಂತ ತುಸು ಮುಂದಿರುವಂತೆ ನಿಲ್ಲಿಸಬೇಕು. ಬೈಕನ್ನು ಅದರ ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಸಿಡದೆ ನೆಟ್ಟಗೆ ನಿಲ್ಲಿಸಿ, ಮುಂಗಾಲಿಯನ್ನು ಆಧಾರದಲ್ಲಿ ಸಿಕ್ಕಿಸಿ, ಷಾಕ್ ಅಬ್ಸಾರ್ಬರ್ ಅರ್ಧ ಕುಗ್ಗುವಷ್ಟು ಪಟ್ಟಿ ಬಿಗಿಯಬೇಕು. ಕೆಲವು ಮೈಲಿ ಸಾಗಿದ ಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಬೇಕು, ಏಕೆಂದರೆ ಪಟ್ಟಿಗಳು ಸಡಿಲವಾಗುತ್ತವೆ.

ಹಿಂಭಾರದ ಟ್ರೇಲರ್ ಇಳಿಜಾರಿನಲ್ಲೋ ಭಾರಿ ಲಾರಿಯೊಂದು ಪಕ್ಕದಲ್ಲಿ ನುಗ್ಗಿದಾಗಲೋ ಬಾಲ ಬಡಿಯತೊಡಗುತ್ತದೆ. ಮುಚ್ಚಿದ ಪೆಟ್ಟಿಗೆಯಾದ್ದರಿಂದ ಗಾಳಿಗೆ ಅದರ ಎತ್ತರದ ಗೋಡೆ ಹಾಯಿಯಂತೆ. ಓಲಾಟ ಆರಂಭವಾದೊಡನೆ ಬ್ರೇಕ್ ಒತ್ತುವುದು ಮನುಷ್ಯಸಹಜ. ಆದರೆ ಎಳೆಯುವ ವಾಹನ ತಡೆದಷ್ಟೂ ಹಿಂದಿನದು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ವೇಗವರ್ಧಕದಿಂದ ಕಾಲು ತೆಗೆದು, ಸ್ಟೀರಿಂಗ್ ನೆಟ್ಟಗೆ ಹಿಡಿದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಾಕುವುದೇ ಸರಿಯಾದ ಮದ್ದು.

ಟ್ರೇಲರಿಗೆ ಬ್ರೇಕೇ ಇಲ್ಲದಿದ್ದರೆ? ಇಲ್ಲಿ ಕಾನೂನಿನ ಜಾಣತನವೋ ತಯಾರಕರ ಜಾಣತನವೋ ಬೆರಗು ಹುಟ್ಟಿಸುತ್ತದೆ. ಹಲವು ರಾಜ್ಯಗಳಲ್ಲಿ 3,000 ಪೌಂಡಿನಿಂದ ಮೇಲಕ್ಕೆ ಟ್ರೇಲರಿಗೆ ಬ್ರೇಕ್ ಕಡ್ಡಾಯ. ಟೆಕ್ಸಾಸಿನಲ್ಲಿ ಮಿತಿ 4,500. ಒಂದೇ ಅಚ್ಚಿನ ಅನೇಕ ಟ್ರೇಲರುಗಳ ಫಲಕದಲ್ಲಿ ಗರಿಷ್ಠ ತೂಕ 2,990 ಪೌಂಡ್ ಎಂದು ಬರೆದಿರುವುದು ಆಕಸ್ಮಿಕವಲ್ಲ. ಅದು ಸುಮಾರು 1,356 ಕಿಲೋ. ಹನ್ನೆರಡು ಅಡಿಯ ಖಾಲಿ ಪೆಟ್ಟಿಗೆಯೇ ಐನೂರು ಆರುನೂರು ಕಿಲೋ ತೂಗುತ್ತದೆ. ನಾನೂರು ಕಿಲೋದ ಎರಡು ಟೂರಿಂಗ್ ಬೈಕುಗಳನ್ನು ಏರಿಸಿದರೆ ಮಿತಿ ಮುಟ್ಟಿತು. ಮಡಚುವ ಕುರ್ಚಿ, ಉಪಕರಣದ ಪೆಟ್ಟಿಗೆ, ಹೆಚ್ಚುವರಿ ಚಕ್ರಗಳಿಗೆ ಜಾಗವಿದ್ದರೂ ತೂಕದ ಲೆಕ್ಕದಲ್ಲಿ ಅವಕಾಶವಿಲ್ಲ. ಹತ್ತು ಪೌಂಡ್ ಉಳಿಸಿ ಬ್ರೇಕ್ ತಪ್ಪಿಸುವ ಈ ಅಂಕಿಯನ್ನು ನಂಬುವ ಬದಲು, ಕಾನೂನು ಕೇಳದಿದ್ದರೂ ಬ್ರೇಕ್ ಇರುವ ಟ್ರೇಲರನ್ನೇ ಕೊಳ್ಳುವುದು ವಿವೇಕ.

ಮೋಟಾರ್‌ಹೋಮಿನ ಲೆಕ್ಕವೂ ಸರಳವಲ್ಲ. ಪೆಟ್ರೋಲಿನ ಹಲವು ಮಾದರಿಗಳಲ್ಲಿ ಕೊಂಡಿಯ ಮೇಲೆ 5,000 ಪೌಂಡ್ ಎಳೆಯಬಹುದೆಂದು ಬರೆದಿರುತ್ತದೆ. ಆದರೆ ವಾಹನದ ಮಿತಿ 22,000, ಟ್ರೇಲರ್ ಸೇರಿ ಒಟ್ಟು ಮಿತಿ 26,000 ಎಂದಿದ್ದರೆ, ತುಂಬಿ ತುಳುಕುವ ಮನೆಗೆ ಉಳಿಯುವುದು 4,000 ಮಾತ್ರ. ಹಿಂದಿನ ಅಚ್ಚಿನಿಂದ ಎಂಟು ಹತ್ತು ಅಡಿ ಹಿಂದಕ್ಕೆ ಚಾಚಿದ ಒಡಲು ಸನ್ನೆಗೋಲಿನಂತೆ ವರ್ತಿಸಿ ಮುಂಗಾಲಿಗಳನ್ನು ಹಗುರ ಮಾಡುವುದುಂಟು. ಟೈರಿನ ವಿಷಯವೂ ಹಾಗೆಯೇ. ಬೇರೆ ನಮೂದಿಲ್ಲದಿದ್ದರೆ ಟ್ರೇಲರ್ ಟೈರಿನ ವೇಗಮಿತಿ ಗಂಟೆಗೆ 65 ಮೈಲಿ ಎಂದು ತಿಳಿಯುವುದು ವಾಡಿಕೆ. ದಕ್ಷಿಣ ಡಕೋಟದ ಅಂತರರಾಜ್ಯ ಹೆದ್ದಾರಿಯಲ್ಲಿ 80 ಮೈಲಿಗೆ ಅನುಮತಿ ಇದೆ. ಟ್ರೇಲರ್ ಎಳೆಯುವವರಿಗೆ 55 ಮೈಲಿಯ ಮಿತಿ ಹಾಕಿರುವ ಕ್ಯಾಲಿಫೋರ್ನಿಯಾವನ್ನು ಹಲವರು ಬೈಯುತ್ತಾರೆ. ನನಗೆ ಮಾತ್ರ ಅದೇ ಸರಿಯೆನಿಸುತ್ತದೆ.

ಇಷ್ಟೆಲ್ಲ ಎಳೆದೊಯ್ಯುವ ಇಡೀ ಸಾಲಿನ ತೂಕ ಹನ್ನೊಂದು ಟನ್ ದಾಟಬಹುದು. ಆದರೂ ಬಹುತೇಕ ರಾಜ್ಯಗಳಲ್ಲಿ ಕಾರಿನ ಚಾಲನಾ ಪರವಾನಗಿಯೇ ಸಾಕು. ವಿಶೇಷ ತರಬೇತಿಯನ್ನು ಯಾರೂ ಕೇಳುವುದಿಲ್ಲ. ದೇಶದುದ್ದಕ್ಕೂ ಲಾರಿ ತಂಗುದಾಣಗಳಲ್ಲಿ ವೇ ಬ್ರಿಡ್ಜ್‌ಗಳಿವೆ. ನೀರಿನ ತೊಟ್ಟಿ ತುಂಬಿಸಿ, ಬೈಕು ಏರಿಸಿ ನಿಲ್ಲಿಸಿದರೆ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚುಗಳ ತೂಕವನ್ನು ಬೇರೆಬೇರೆಯಾಗಿ ಬರೆದ ಚೀಟಿ ಕೆಲವೇ ನಿಮಿಷಗಳಲ್ಲಿ ಕೈಗೆ ಬರುತ್ತದೆ. ಶುಲ್ಕ ಇಬ್ಬರ ಊಟದ ಖರ್ಚಿಗಿಂತ ಕಡಿಮೆ. ಆದರೂ ಲಾರಿಗಳ ಆ ಸಾಲಿನಲ್ಲಿ ಮೋಟಾರ್‌ಹೋಮ್ ಕಾಣುವುದು ಅಪರೂಪ.