ಯಕೃತ್ತಿನ ಹಿಂಬಾಗಿಲಲ್ಲಿ

ನನಗೆ ಯಕೃತ್ತಿನ ಸಿರೋಸಿಸ್ ಇದೆಯೆಂಬ ಸುದ್ದಿ ಹರಡಿದ ದಿನ ನಮ್ಮ ಬೀದಿಯವರೆಲ್ಲ ನನ್ನನ್ನು ಬೇರೆಯೇ ಒಂದು ಬಗೆಯಲ್ಲಿ ನೋಡಿದರು. 32 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ, ಕಾಫಿಯ ಹೊರತು ಬೇರಾವ ಪಾನವನ್ನೂ ಅರಿಯದ ಮೇಷ್ಟರಿಗೆ ಕುಡುಕರ ರೋಗವೆ? ಮಧುಮೇಹವೂ ಯಕೃತ್ತಿನಲ್ಲಿ ಕೂಡಿದ ಕೊಬ್ಬೂ ಸೇರಿ ಅದೇ ಕೆಲಸವನ್ನು ಸದ್ದಿಲ್ಲದೆ ಮಾಡಬಲ್ಲವೆಂದು ಎಷ್ಟು ಜನಕ್ಕೆ ವಿವರಿಸಲಿ? ಸುಮ್ಮನಾದೆ.

ಆದರೆ ರೋಗಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಒಂದು ಪರೀಕ್ಷೆ. ಕತ್ತಿನ ಅಭಿಧಮನಿಯೊಳಗೆ ಸಣ್ಣ ಕೊಳವೆಯನ್ನು ಇಳಿಸಿ, ಹೃದಯದ ಮೇಲ್ಗೋಣೆಯನ್ನು ಹಾಯಿಸಿ, ಯಕೃತ್ತಿನ ರಕ್ತನಾಳದ ಒತ್ತಡವನ್ನು ಅಳೆಯಬೇಕೆಂದರು ವೈದ್ಯರು. ಅದೂ ನಾನು ಎಚ್ಚರವಾಗಿರುವಾಗಲೇ.

ಕರುಳಿನಿಂದ ಬರುವ ರಕ್ತವೆಲ್ಲ ಪೋರ್ಟಲ್ ಅಭಿಧಮನಿಯ ಮೂಲಕ ಯಕೃತ್ತನ್ನು ಹೊಕ್ಕು, ಅಲ್ಲಿಂದ ಹೃದಯಕ್ಕೆ ಹೋಗುತ್ತದೆ. ಯಕೃತ್ತು ಗಂಟುಗಂಟಾಗಿ ಗಡುಸಾದರೆ ಆ ರಕ್ತಕ್ಕೆ ದಾರಿ ಸಾಲದು. ಹಿಂದೆ ಒತ್ತಡ ಏರಿ, ಅನ್ನನಾಳದ ಬುಡದ ನಾಳಗಳು ಉಬ್ಬಿ, ಒಂದು ದಿನ ಒಡೆದು ರಕ್ತವಾಂತಿಯಾಗಬಹುದು. ಪೋರ್ಟಲ್ ನಾಳವೋ ಹೊಟ್ಟೆಯ ಆಳದಲ್ಲಿದೆ. ಅದನ್ನು ನೇರವಾಗಿ ಚುಚ್ಚುವುದು ಅಪಾಯ. ಹೀಗಿರಲು 1951ರಲ್ಲಿ ಅಮೆರಿಕದ ಮೈಯರ್ಸ್ ಮತ್ತು ಟೇಲರ್ ಹಿಂಬಾಗಿಲ ಉಪಾಯವೊಂದನ್ನು ತೋರಿಸಿಕೊಟ್ಟರು. ಗದ್ದೆಗೆ ನೀರು ಕಟ್ಟಿದವರಿಗೆ ಇದು ಬೇಗ ತಿಳಿದೀತು: ಕಾಲುವೆಯ ಕೆಳಗಡೆ ಅಡ್ಡಗಟ್ಟಿದರೆ ಹರಿವು ನಿಂತು, ಮೇಲಿನ ನೀರಿನ ಒತ್ತಡ ಅಲ್ಲಿಯೇ ಗೊತ್ತಾಗುತ್ತದೆ. ಇಂದು ಯಕೃತ್ತಿನಿಂದ ಹೊರಡುವ ನಾಳದಲ್ಲಿ ಪುಟ್ಟ ಬಲೂನನ್ನು ಉಬ್ಬಿಸಿ ಒಂದು ಅಳತೆ, ಇಳಿಸಿ ಇನ್ನೊಂದು ಅಳತೆ ತೆಗೆಯುತ್ತಾರೆ. ಎರಡರ ಅಂತರವೇ ಬೇಕಾದ ಸಂಖ್ಯೆ. ಆರೋಗ್ಯವಂತರಲ್ಲಿ ಅದು ಪಾದರಸದ 5 ಮಿಲಿಮೀಟರನ್ನು ಮೀರದು. 12 ಮುಟ್ಟಿದರೆ ರಕ್ತಸ್ರಾವದ ಭಯ.

ಹಿಂದಿನ ರಾತ್ರಿ ನಿದ್ದೆ ಹತ್ತಲಿಲ್ಲ. 1929ರಲ್ಲಿ ಜರ್ಮನಿಯ ಫೋರ್ಸ್‌ಮನ್ ಎಂಬ ತರುಣ ವೈದ್ಯ ತನ್ನ ತೋಳಿನಿಂದ ತನ್ನ ಹೃದಯಕ್ಕೇ ಕೊಳವೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದುಹೋದನಂತೆ. 1956ರಲ್ಲಿ ಅವನಿಗೆ ನೊಬೆಲ್ ಬಹುಮಾನವೂ ಬಂದಿತು. ಧೈರ್ಯಕ್ಕೆಂದು ಇದನ್ನು ಓದಿದವನು ಇನ್ನಷ್ಟು ಹೆದರಿದೆನೆಂದು ಒಪ್ಪಿಕೊಳ್ಳಬೇಕು.

ಮೇಜಿನ ಮೇಲೆ ಮಲಗಿಸಿ, ಮುಖವನ್ನು ಎಡಕ್ಕೆ ಹೊರಳಿಸಿ, ಹಸಿರು ಬಟ್ಟೆ ಹೊದಿಸಿದರು. ಮರವಿನ ಮದ್ದಿನ ಸೂಜಿ ಉರಿಯಿತು, ನಿಜ. ಆಮೇಲೆ ಬರಿಯ ಒತ್ತುವಿಕೆ. ಬಟ್ಟೆಯ ಆಚೆಯಿಂದ ತರುಣ ವೈದ್ಯರ ದನಿ ಮಾತ್ರ ಕೇಳಿಸುತ್ತಿತ್ತು. "ಮೇಷ್ಟ್ರೇ, ಈಗ ಹೃದಯ ದಾಟ್ತಾ ಇದೀವಿ. ಎರಡು ಬಡಿತ ಹೆಚ್ಚುಕಮ್ಮಿ ಆದೀತು, ಗಾಬರಿಯಾಗಬೇಡಿ." ಎದೆಯೊಳಗೆ ಮೀನೊಂದು ಮಗುಚಿದಂತಾಯಿತು; ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಹೇಳದಿದ್ದರೆ ಅದೇ ಮೀನು ಮೃತ್ಯುವಾಗಿ ತೋರುತ್ತಿತ್ತೇನೋ! ನಡುವೆ ಒಮ್ಮೆ ಅವರು ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. ಇಡೀ ಅರ್ಧ ಗಂಟೆಯಲ್ಲಿ ನನಗೆ ಸಹಿಸಲಾಗದ್ದು ಆ ಒಂದು ನಿಮಿಷ. ಬಳಿಕ ತಿಳಿಯಿತು, ಅವರು ಮಾತಾಡಿದ್ದು ಊಟದ ವಿಷಯ.

ಅಳತೆಯನ್ನು ಮೂರು ಮೂರು ಸಲ ತೆಗೆದರು. ನನ್ನ ಸಂಖ್ಯೆ 17.

ಪ್ರೊಪ್ರನೊಲಾಲ್ ಗುಳಿಗೆ ಈ ಒತ್ತಡವನ್ನು ತಗ್ಗಿಸಬಲ್ಲದು, ಆದರೆ ಎಲ್ಲರಲ್ಲಿಯೂ ಅಲ್ಲ. ನನ್ನಲ್ಲಿ ತಗ್ಗಿಸಿತೆ ಎಂಬುದನ್ನು ಮತ್ತೆ ಅಳೆದೇ ನೋಡಬೇಕು. ಎರಡನೆಯ ಸಲ ಹೋದಾಗ ಸೂಜಿಯ ಚಿಂತೆ ಇರಲಿಲ್ಲ, ಸಂಖ್ಯೆಯದೇ ಚಿಂತೆ. ಐದನೆಯ ಒಂದು ಪಾಲಾದರೂ ಇಳಿದಿರಬೇಕು. 13 ಎಂದರು. ಮನೆಯಾಕೆಗೆ ಹೇಳುವಾಗ ದನಿ ನಡುಗಿತು.

ಅಂದು ಹೊರಗಿನ ಬೆಂಚಿನ ಮೇಲೆ ಮಂಡ್ಯದ ಕಡೆಯ ರೈತರೊಬ್ಬರು ಕುಳಿತಿದ್ದರು. ಮುಂದಿನ ಸರದಿ ಅವರದು. ನನ್ನ ಕತ್ತಿನ ಪಟ್ಟಿಯನ್ನು ನೋಡಿ, "ಬೋ ನೋವಾ ಬುದ್ಧೀ?" ಎಂದು ಕೇಳಿದರು. ಸೂಜಿ ಉರಿಯುತ್ತದೆ, ಎದೆ ಒಮ್ಮೆ ಮಗುಚಿದಂತಾಗುತ್ತದೆ, ಕತ್ತು ಆಡಿಸದೆ ಮಲಗುವುದು ಕಷ್ಟ ಎಂದೆ. "ಒಳಗೆ ಸುಮ್ಮನಿರಬೇಡಿ, ಈಗ ಏನು ಮಾಡ್ತೀರಿ ಅಂತ ಕೇಳ್ತಾ ಇರಿ" ಎಂದೆ. ಅವರು ತಲೆಯಾಡಿಸಿ, ಹೆಗಲ ಮೇಲಿನ ಟವಲನ್ನು ಮಡಿಸಿ ನನ್ನ ಕೈಗೆ ಕೊಟ್ಟು, ಒಳಗೆ ನಡೆದರು. ನಾನು ಅವರು ಬರುವವರೆಗೂ ಕುಳಿತೆ.