ಗಾಳಿಗೆ ಬಾಗುವ ಕಟ್ಟಡ, ಭೂಮಿ ನಡುಗಿದಾಗ ಕುಸಿದ ಮನೆ

ನಿಲಂಗಾ: ಕಳೆದ ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಶಾಲೆಗೆ ಬಂದಿದ್ದರು. ಅವರ ಹಿರಿಯ ಮಗ ಮುಂಬಯಿಯಲ್ಲಿ ಬಹುಮಹಡಿ ಕಟ್ಟಡವೊಂದರಲ್ಲಿ ದುಡಿಯುತ್ತಾನೆ. ಬಿರುಗಾಳಿಗೆ ಕಟ್ಟಡ ತೂಗಿದಂತಾಯಿತೆಂದು ಆತ ಫೋನಿನಲ್ಲಿ ತಿಳಿಸಿದ್ದನಂತೆ. “ಗುರುಗಳೇ, ಅಲುಗಾಡುವ ಕಟ್ಟಡ ನಿಂತೀತೇ? ಮಗನನ್ನು ಊರಿಗೆ ಕರೆಸಿಕೊಳ್ಳಲೇ?” ಎಂದು ಕೇಳಿದರು. ಕಿಲ್ಲಾರಿಯ ಭೂಕಂಪವನ್ನು ಕಂಡ ಈ ಸೀಮೆಯಲ್ಲಿ ಅದು ಅಂಜುಬುರುಕರ ಪ್ರಶ್ನೆಯಲ್ಲ. ಉತ್ತರ ಎಲ್ಲ ಪಾಲಕರಿಗೂ ತಿಳಿದಿರಲಿ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಭಾರತೀಯ ಮಾನಕ ಸಂಹಿತೆಯು ಕಟ್ಟಡಗಳ ವಿನ್ಯಾಸಕ್ಕಾಗಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮುಂಬಯಿಗೆ 44 ಮೀಟರ್ ಮೂಲವೇಗವನ್ನು ಗೊತ್ತುಪಡಿಸಿದೆ. 33 ಮೀಟರ್ ವೇಗದ ಗಾಳಿ ಒಂದು ಚದರ ಮೀಟರ್ ಗೋಡೆಯ ಮೇಲೆ ಸುಮಾರು 67 ಕಿಲೋ ಭಾರದಷ್ಟು ಒತ್ತಿದರೆ, 44 ಮೀಟರ್ ವೇಗದ ಗಾಳಿ ಸುಮಾರು 118 ಕಿಲೋ ಭಾರದಷ್ಟು ಒತ್ತುತ್ತದೆ. ನೆಲದಿಂದ ಮೇಲೇರಿದಂತೆ ಮರಗಿಡ, ಮನೆಗಳ ಅಡ್ಡಿ ಕಡಿಮೆಯಾಗಿ ವೇಗ ಇನ್ನೂ ಹೆಚ್ಚುತ್ತದೆ.

ಇಷ್ಟು ಬಲಕ್ಕೆ ಎತ್ತರದ ಕಟ್ಟಡ ಸ್ವಲ್ಪ ಬಾಗಲೇಬೇಕು. ಜೋಳದ ದಂಟು ಬಾಗಿ ಮತ್ತೆ ನೆಟ್ಟಗಾಗುವಂತೆ ಅದೂ ಮರಳಿ ನಿಲ್ಲುತ್ತದೆ. ಕಾಂಕ್ರೀಟ್ ಕಟ್ಟಡದ ತುದಿ ಗಾಳಿಗೆ ಸರಿಯುವುದು ಒಟ್ಟು ಎತ್ತರದ ಐನೂರನೆಯ ಒಂದು ಭಾಗವನ್ನು ಮೀರಬಾರದೆಂಬುದು ನಿಯಮ. ಅಂದರೆ 200 ಮೀಟರ್ ಕಟ್ಟಡಕ್ಕೆ 40 ಸೆಂಟಿಮೀಟರ್.

ನಿಜವಾದ ಎಚ್ಚರ ಬೇಕಾಗಿರುವುದು ಬೇರೆಡೆ. ಗಾಳಿಯು ಕಟ್ಟಡದ ಎರಡೂ ಬದಿಗಳನ್ನು ದಾಟುವಾಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿಗಳು ಹುಟ್ಟಿ ಅದನ್ನು ಅಡ್ಡಡ್ಡಲಾಗಿ ತಳ್ಳುತ್ತವೆ. ಪಂಚಮಿಯ ಜೋಕಾಲಿಯನ್ನು ನೆನೆಯಿರಿ: ಅದರ ಲಯಕ್ಕೆ ಸರಿಯಾಗಿ ಜೀಕಿದರೆ ಸಣ್ಣ ಬಲವೂ ದೊಡ್ಡ ತೂಗಾಟವಾಗುತ್ತದೆ. ಇದೇ ಅನುರಣನೆ. ಸುಳಿಗಳ ಲಯ ಕಟ್ಟಡದ ಲಯದೊಡನೆ ಕೂಡದಂತೆ ಮಾಡುವುದೇ ಎಂಜಿನಿಯರರ ಜಾಣ್ಮೆ. ದುಬೈಯ 828 ಮೀಟರ್ ಎತ್ತರದ ಬುರ್ಜ್ ಖಲೀಫಾದ ಆಕಾರವು ಮೇಲೇರಿದಂತೆ ಮೆಟ್ಟಿಲುಮೆಟ್ಟಿಲಾಗಿ ಬದಲಾಗುವುದರಿಂದ ಸುಳಿಗಳು ಒಂದೇ ಲಯದಲ್ಲಿ ಒಗ್ಗೂಡುವುದಿಲ್ಲ. ತೈವಾನಿನ ತೈಪೆ 101 ಕಟ್ಟಡದೊಳಗೆ 660 ಟನ್ ತೂಕದ ಉಕ್ಕಿನ ಗುಂಡು ತೂಗುಬಿದ್ದಿದೆ. ಕಟ್ಟಡ ಒಂದೆಡೆ ವಾಲಿದಾಗ ಅದು ಹಿಂದುಳಿದು ತೂಗಿ ಅಲುಗಾಟವನ್ನು ತಗ್ಗಿಸುತ್ತದೆ.

ಹಾಗಾದರೆ ಅಲುಗದ ಮನೆಯೇ ಭದ್ರವೇ? 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ನಮ್ಮ ನೆಲವೇ ಇದಕ್ಕೆ ಉತ್ತರ ಕೊಟ್ಟಿತು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ತೊಲೆಗಳ ಮೇಲೆ ಮಣ್ಣು ಹೇರಿದ ಮಾಳಿಗೆ: ಯಾವ ಗಾಳಿಗೂ ಜಗ್ಗದ ಆ ಮನೆಗಳು ಔಸಾ, ಉಮರ್ಗಾ ತಾಲೂಕುಗಳಲ್ಲಿ ಮಲಗಿದ್ದವರ ಮೇಲೆಯೇ ಕುಸಿದವು, ಸಾವಿರಾರು ಜೀವಗಳು ಹೋದವು. ಗಾಳಿಯ ಬಲ ಅದು ತಾಗುವ ಮೈಯ ವಿಸ್ತಾರವನ್ನು ಅವಲಂಬಿಸಿದರೆ, ಭೂಕಂಪದ ಬಲ ಮನೆಯ ತೂಕವನ್ನು ಅವಲಂಬಿಸುತ್ತದೆ. ಗಾಳಿಯೆದುರು ಕಾಯ್ದ ಭಾರವೇ ಭೂಕಂಪದಲ್ಲಿ ಮುಳುವಾಯಿತು.

ಆ ಬಳಿಕ ಹಲವರು ಹಗುರವಾದ ಪತ್ರಾ ಛಾವಣಿಗೆ ಒಲಿದರು. ಇಲ್ಲಿ ಗಾಳಿಯ ಪಾಠವನ್ನು ಮರೆಯಬಾರದು. ಛಾವಣಿಯ ಮೇಲೆ ಗಾಳಿ ರಭಸದಿಂದ ಹರಿದಾಗ ಅಲ್ಲಿ ಒತ್ತಡ ಕುಗ್ಗುತ್ತದೆ. ಬಾಗಿಲಿನಿಂದ ನುಗ್ಗಿದ ಗಾಳಿ ಒಳಗಿನಿಂದ ಮೇಲಕ್ಕೆ ನೂಕುತ್ತದೆ. ಪತ್ರಾ ಹಾರುವುದು ಹೀಗೆ. ಮೇಲೆ ಕಲ್ಲು ಹೇರಿದರೆ ಪತ್ರಾದ ಜೊತೆಗೆ ಕಲ್ಲೂ ಮಕ್ಕಳ ಮೇಲೆ ಬಿದ್ದೀತು. ಪತ್ರಾವನ್ನು ಕೊಕ್ಕೆಬೋಲ್ಟಿನಿಂದ ಅಡ್ಡಪಟ್ಟಿಗೆ, ಅಡ್ಡಪಟ್ಟಿಯನ್ನು ಗೋಡೆಗೆ ಬಿಗಿಯಿರಿ. ಸೆಳೆತ ಹೆಚ್ಚಿರುವ ಅಂಚು, ಮೂಲೆಗಳಲ್ಲಿ ಬೋಲ್ಟುಗಳು ಒತ್ತೊತ್ತಾಗಿರಲಿ.

ಆ ತಂದೆಗೆ ನಾನು ಹೇಳಿದ್ದಿಷ್ಟು: “ನಿಯಮದಂತೆ ಕಟ್ಟಿದ ಕಟ್ಟಡ ಗಾಳಿಗೆ ತುಸು ತೂಗಿದರೆ ಅಂಜಬೇಡಿ, ಮಗ ಅಲ್ಲಿಯೇ ದುಡಿಯಲಿ. ಮಳೆಗಾಲ ಬರುವ ಮುನ್ನ ನಿಮ್ಮ ಮನೆಯ ಪತ್ರಾದ ಮೇಲಿನ ಕಲ್ಲುಗಳನ್ನು ಇಳಿಸಿ, ಬೋಲ್ಟು ಹಾಕಿಸಿ.”