ಪಾದದ ನಾಡಿಯನ್ನೂ ನೋಡಿಸಿಕೊಳ್ಳೋಣ

ಸಿದ್ಧಗಂಗೆಯ ಬೆಟ್ಟದ ಮೆಟ್ಟಿಲುಗಳನ್ನು ಹತ್ತುವಾಗ ಕೆಲವರು ನಡುವೆ ನಿಂತುಬಿಡುತ್ತಾರೆ. ಮೀನಖಂಡದಲ್ಲಿ ಹಿಂಡಿದಂತಹ ನೋವು. ಕೆಲವು ನಿಮಿಷ ನಿಂತರೆ ನೋವು ಇಳಿಯುತ್ತದೆ; ಮತ್ತೆ ಅಷ್ಟೇ ಮೆಟ್ಟಿಲು ಹತ್ತಿದೊಡನೆ ಮರಳುತ್ತದೆ. ಕುಣಿಗಲ್ ತಾಲ್ಲೂಕಿನ ಎಡೆಯೂರಿಗೆ ಕಾಲ್ನಡಿಗೆಯಲ್ಲಿ ಸಾಗುವವರಿಗೂ, ಗುಬ್ಬಿಯ ಚನ್ನಬಸವೇಶ್ವರ ಸ್ವಾಮಿಯ ತೇರಿಗೆ ಹೋಗುವ ಹಿರಿಯರಿಗೂ ಈ ಅನುಭವವಾಗಬಹುದು. "ವಯಸ್ಸಾಯಿತು, ವಾಯು ಹಿಡಿದಿದೆ" ಎಂದು ಎಣ್ಣೆ ಹಚ್ಚಿ ಸುಮ್ಮನಾಗುವುದು ವಾಡಿಕೆ. ಆದರೆ ನಡೆದಾಗ ಬಂದು ನಿಂತಾಗ ಹೋಗುವ ನೋವು, ಕಾಲಿಗೆ ರಕ್ತ ಒಯ್ಯುವ ಅಪಧಮನಿಗಳು ಕಿರಿದಾಗಿರುವುದರ ಸೂಚನೆಯಾಗಿರಬಹುದು.

ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಇದಕ್ಕೆ ಮುಖ್ಯ ಕಾರಣಗಳು. ರಕ್ತ ಸಾಲದ ಪಾದದಲ್ಲಿ ತೋಟದ ಒಂದು ಮುಳ್ಳು ಚುಚ್ಚಿದ ಗಾಯವೂ ಮಾಯದೆ ಕೊಳೆತು, ಕಾಲನ್ನೇ ಕತ್ತರಿಸುವ ಸ್ಥಿತಿ ಬರಬಹುದು. ಇಂತಹವರಿಗೆ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು. ಆದುದರಿಂದ ಈ ದೋಷವನ್ನು ಮೊದಲೇ ಕಂಡುಹಿಡಿಯುವ ವಿಧಾನಗಳನ್ನೂ ಅವುಗಳ ಮಿತಿಗಳನ್ನೂ ಅರಿಯುವುದು ಅಗತ್ಯ.

ಕೇಳಿ ತಿಳಿಯುವುದು

ಎಷ್ಟು ದೂರ ನಡೆದರೆ ನೋವು ಬರುತ್ತದೆ, ನಿಂತರೆ ಹೋಗುತ್ತದೆಯೇ ಎಂದು ವಿಚಾರಿಸುವುದು ಮೊದಲ ವಿಧಾನ. 1962ರಲ್ಲಿ ಇಂಗ್ಲೆಂಡಿನ ವೈದ್ಯ ಜೆಫ್ರಿ ರೋಸ್ ಇದಕ್ಕಾಗಿ ಒಂದು ಪ್ರಶ್ನಾವಳಿಯನ್ನೇ ರೂಪಿಸಿದರು. ಖರ್ಚಿಲ್ಲದ ಕ್ರಮವಿದು. ಆದರೆ ರೋಗವಿದ್ದವರಲ್ಲಿ ಬಹುಮಂದಿಗೆ ಇಂತಹ ನೋವೇ ಇರುವುದಿಲ್ಲ. ಸಕ್ಕರೆ ಕಾಯಿಲೆಯಿಂದ ನರಗಳು ಜೋಮು ಹಿಡಿದವರಿಗಂತೂ ನೋವು ತಿಳಿಯುವುದೇ ಇಲ್ಲ. ನೋವಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು.

ಮುಟ್ಟಿ ತಿಳಿಯುವುದು

ಪಾದದ ಮೇಲ್ಭಾಗದಲ್ಲಿ ಒಂದು ನಾಡಿ, ಒಳಗಿನ ಹರಡಿನ ಮೂಳೆಯ ಹಿಂದೆ ಇನ್ನೊಂದು ನಾಡಿ ಮಿಡಿಯುತ್ತದೆ. ವೈದ್ಯರು ಬೆರಳಿಟ್ಟು ಇವೆರಡನ್ನೂ ನೋಡುತ್ತಾರೆ. ಎರಡೂ ಸ್ಪಷ್ಟವಾಗಿ ಸಿಕ್ಕರೆ ತೀವ್ರ ದೋಷದ ಸಂಭವ ಕಡಿಮೆ. ಆದರೆ ಆರೋಗ್ಯವಂತರಲ್ಲೂ ಕೆಲವರಿಗೆ ಮೇಲ್ಭಾಗದ ನಾಡಿ ಹುಟ್ಟಿನಿಂದಲೇ ಸಿಗುವುದಿಲ್ಲ. ಬಾತ ಪಾದದಲ್ಲಿ ಹುಡುಕುವುದೂ ಕಷ್ಟ. ಪರೀಕ್ಷಿಸುವವರ ಅನುಭವದ ಮೇಲೆ ಫಲಿತಾಂಶ ನಿಂತಿರುತ್ತದೆ.

ಅಳೆದು ತಿಳಿಯುವುದು

1950ರಲ್ಲಿ ಅಮೆರಿಕದ ವೈದ್ಯ ಟ್ರಾವಿಸ್ ವಿನ್ಸರ್ ವಿವರಿಸಿದ ವಿಧಾನವೇ ಇಂದಿನ 'ಎಬಿಐ' ಪರೀಕ್ಷೆಗೆ ಮೂಲ. ರೋಗಿಯನ್ನು ಸ್ವಲ್ಪ ಹೊತ್ತು ಮಲಗಿಸಿ, ತೋಳು ಮತ್ತು ಹರಡಿನ ಬಳಿ ರಕ್ತದೊತ್ತಡದ ಪಟ್ಟಿ ಕಟ್ಟಿ, ಪೆನ್ನಿನಂತಹ ಡಾಪ್ಲರ್ ಉಪಕರಣದಿಂದ ರಕ್ತ ಹರಿಯುವ ಸದ್ದನ್ನು ಆಲಿಸುತ್ತಾರೆ. ಹರಡಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುತ್ತಾರೆ. ತೋಳಿನಲ್ಲಿ 140, ಹರಡಿನಲ್ಲಿ 98 ಇದ್ದರೆ ಉತ್ತರ 0.70. 1.00ರಿಂದ 1.40 ಸಹಜ, 0.91ರಿಂದ 0.99 ಗಡಿರೇಖೆ, 0.90 ಅಥವಾ ಅದಕ್ಕಿಂತ ಕಡಿಮೆಯಾದರೆ ರೋಗವಿದೆಯೆಂದು ಅರ್ಥ. ಸೂಜಿ ಚುಚ್ಚುವುದಿಲ್ಲ, ವಿಕಿರಣವಿಲ್ಲ. ಉಪಕರಣ ಕೈಯಲ್ಲಿ ಒಯ್ಯುವಷ್ಟು ಚಿಕ್ಕದಾದುದರಿಂದ ಹಳ್ಳಿಯ ಶಿಬಿರದಲ್ಲೂ ಈ ಪರೀಕ್ಷೆ ಸಾಧ್ಯ. ಡಾಪ್ಲರ್ ಇಲ್ಲದೆ ತಾನಾಗಿ ಅಳೆಯುವ ಯಂತ್ರಗಳೂ ಇವೆ; ಅವು ಇನ್ನೂ ಸುಲಭ. ಆದರೆ ರಕ್ತದ ಹರಿವು ತೀರ ಕುಗ್ಗಿದ ಕಾಲಿನಲ್ಲಿ ಅವು ತಪ್ಪು ಅಂಕಿ ತೋರಿಸಬಹುದು, ಅಥವಾ ಅಂಕಿಯನ್ನೇ ತೋರಿಸದಿರಬಹುದು. ಆಗ ಯಂತ್ರ ಕೆಟ್ಟಿದೆಯೆಂದು ಬಿಡದೆ ಮುಂದಿನ ಪರೀಕ್ಷೆ ಮಾಡಿಸಬೇಕು.

ಎಬಿಐಗೂ ಒಂದು ದೊಡ್ಡ ಮಿತಿಯಿದೆ. ಬಹುಕಾಲದ ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ರೋಗವಿದ್ದವರ ರಕ್ತನಾಳಗಳಲ್ಲಿ ಸುಣ್ಣದ ಅಂಶ ಸೇರಿ ಅವು ಗಡುಸಾಗುತ್ತವೆ. ಪಟ್ಟಿ ಬಿಗಿದರೂ ಅದುಮುವುದಿಲ್ಲ. ಆಗ ಅಂಕಿ 1.40 ಮೀರಬಹುದು, ಅಥವಾ ರೋಗವಿದ್ದೂ ಸಹಜವೆಂದು ಕಾಣಬಹುದು. ಕಾಲು ಕಳೆದುಕೊಳ್ಳುವ ಭಯ ಯಾರಿಗೆ ಹೆಚ್ಚೋ ಅವರಲ್ಲಿಯೇ ಈ ಪರೀಕ್ಷೆ ಮೋಸಗೊಳಿಸಬಹುದೆಂಬುದನ್ನು ಮರೆಯಬಾರದು. ಇಂತಹವರಿಗೆ ಹೆಬ್ಬೆರಳಿನ ಒತ್ತಡವನ್ನು ಅಳೆಯುವುದು ಹೆಚ್ಚು ವಿಶ್ವಾಸಾರ್ಹ. ಬೆರಳಿನ ಸಣ್ಣ ನಾಳಗಳು ಅಷ್ಟಾಗಿ ಗಡುಸಾಗುವುದಿಲ್ಲ. ಅಲ್ಲಿನ ಅನುಪಾತ 0.70ಕ್ಕಿಂತ ಕಡಿಮೆಯಿದ್ದರೆ ದೋಷವಿದೆಯೆಂದು ತಿಳಿಯಬೇಕು. ಈ ಉಪಕರಣ ಎಲ್ಲೆಡೆ ದೊರೆಯದು.

ಅಡಚಣೆ ಯಾವ ಸ್ಥಳದಲ್ಲಿದೆ, ಎಷ್ಟಿದೆ ಎಂಬುದನ್ನು ಡಾಪ್ಲರ್ ಸ್ಕ್ಯಾನ್ ಚಿತ್ರಸಹಿತ ತೋರಿಸುತ್ತದೆ. ಇದಕ್ಕೆ ಹೆಚ್ಚು ಸಮಯ, ಹಣ ಮತ್ತು ತಜ್ಞರು ಬೇಕು. ದೋಷವಿದೆಯೆಂಬ ಸಂಶಯ ಬಲವಾದ ಮೇಲೆ ಮಾಡಿಸಬೇಕಾದ ಪರೀಕ್ಷೆಯಿದು.

ಯಾರು, ಯಾವಾಗ?

ಎಲ್ಲರಿಗೂ ಎಬಿಐ ಬೇಕಿಲ್ಲ. 65 ವರ್ಷ ಮೀರಿದವರು, 50 ದಾಟಿದ ಧೂಮಪಾನಿಗಳು, ಸಕ್ಕರೆ ಕಾಯಿಲೆಯವರು, ಮಾಯದ ಗಾಯವುಳ್ಳವರು ಈ ಕುರಿತು ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆಯಾದರೂ ಪಾದ ತೋರಿಸಲೇಬೇಕು. ಉಬ್ಬಿದ ರಕ್ತನಾಳಗಳಿಗೆಂದು ಬಿಗಿ ಕಾಲುಚೀಲ ಧರಿಸುವ ಮುನ್ನವೂ ಈ ಪರೀಕ್ಷೆ ಅಗತ್ಯ; ರಕ್ತ ಸಾಲದ ಕಾಲಿಗೆ ಆ ಬಿಗಿತವೇ ಹಾನಿ ಮಾಡೀತು. ಜೋಮು ಹಿಡಿದ ಪಾದಕ್ಕೆ ಬಿಸಿನೀರಿನ ಶಾಖವೂ ಅಪಾಯಕರ.

ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಬೆರಳು ಕಪ್ಪಾದರೆ ತಡಮಾಡಬಾರದು. ಕಾಲು ಹಠಾತ್ತನೆ ತಣ್ಣಗಾಗಿ ಬಿಳಿಚಿಕೊಂಡು ಅತಿಯಾಗಿ ನೋಯತೊಡಗಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಗಂಟೆಗಳ ಲೆಕ್ಕ.

30 ವರ್ಷ ದಾಟಿದವರ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸುತ್ತಾರೆ. ಗುಬ್ಬಿಯಲ್ಲಾಗಲಿ, ಕುಣಿಗಲ್‌ನಲ್ಲಾಗಲಿ, ತುಮಕೂರಿನಲ್ಲಾಗಲಿ ಆ ದಿನವೇ ಪಾದರಕ್ಷೆ ಕಳಚಿ, "ಪಾದದ ನಾಡಿಯನ್ನೂ ನೋಡಿ" ಎಂದು ವಿನಂತಿಸಿರಿ. ಬೀಡಿಯನ್ನು ಇಂದೇ ಬಿಡಿರಿ. ವೈದ್ಯರು ಒಪ್ಪಿದರೆ ನಿತ್ಯ ನಡೆಯಿರಿ. ಮನೆಯ ಹಿರಿಯರ ಪಾದಕ್ಕೆ ನಮಸ್ಕರಿಸುವ ನಾವು, ಬಾಗಿದಾಗ ಆ ಪಾದದಲ್ಲೊಂದು ಗಾಯವಿದೆಯೇ, ಅದು ತಣ್ಣಗಿದೆಯೇ ಎಂದೂ ಗಮನಿಸೋಣ. ಅದೂ ಒಂದು ಸೇವೆಯೇ.